ಬೀಗ ಒಂದೇ, ಕೈ ಮಾತ್ರ ಬೇರೆ

ಜೂನ್ 25 ಬಂತೆಂದರೆ ಸಾಕು, ದೇಶದ ಪುಢಾರಿಗಳಿಗೆಲ್ಲ ಪ್ರಜಾಪ್ರಭುತ್ವದ ಜ್ವರ ಏರುತ್ತದೆ. 1975ರ ಆ ರಾತ್ರಿ ತುರ್ತುಪರಿಸ್ಥಿತಿ ಹೇರಿದವರ ಮೇಲೆ ಒಂದು ಗುಂಪು ಬೈಗುಳ ಸುರಿಸುತ್ತದೆ. ‘ಇವತ್ತು ನೀವು ಮಾಡ್ತಿರೋದೇನು?’ ಅಂತ ಇನ್ನೊಂದು ಗುಂಪು ತಿರುಗಿ ಬೀಳುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಈ ದಿನಕ್ಕೆ ‘ಸಂವಿಧಾನ ಹತ್ಯಾ ದಿನ’ ಎಂದು ಹೆಸರಿಟ್ಟು ಗೆಜೆಟ್ಟಿನಲ್ಲಿ ಹಾಕಿತು. ಅದೇ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ಕೆಂಪು ಹೊದಿಕೆಯ ಸಂವಿಧಾನವನ್ನು ಸಭೆಸಭೆಯಲ್ಲೂ ಎತ್ತಿ ತೋರಿಸಿದರು. ಕೊಂದವರು ಅವರು ಅಂತ ಇವರು, ಕೊಲ್ಲುತ್ತಿರುವವರು ಇವರು ಅಂತ ಅವರು. ಇಬ್ಬರ ಬಾಯಲ್ಲೂ ಬಾಬಾಸಾಹೇಬರ ಹೆಸರು.

ಕೇರಿಯಲ್ಲಿ ನಿಂತು ಈ ಜಗಳ ಕೇಳುತ್ತಿರುವ ನಮ್ಮ ಪ್ರಶ್ನೆ ಬೇರೆ. ವಿಚಾರಣೆಯಿಲ್ಲದೆ ಮನುಷ್ಯನನ್ನು ಕೂಡಿಹಾಕುವ ಬೀಗ ಒಂದಿದೆಯಲ್ಲ, ಅದನ್ನು ಇವರಲ್ಲಿ ಯಾರು ಒಡೆದರು? ಯಾರು ಸುಮ್ಮನೆ ಬೀಗದ ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು? ಭಾಷಣಗಳನ್ನು ಬದಿಗಿಟ್ಟು ಈ ಬೀಗದ ಚರಿತ್ರೆಯನ್ನು ಓದಿದರೆ ನಮ್ಮ ರಾಜಕೀಯ ಚಳುವಳಿಗಳ ಒಳಗಿರುವ ಢೋಂಗಿತನ ಬಟಾಬಯಲಾಗುತ್ತದೆ.

ಈ ಕಾನೂನು ಇಂದಿರಾಗಾಂಧಿಯವರ ಕಾಲದಲ್ಲಿ ಹುಟ್ಟಿದ್ದೇನೂ ಅಲ್ಲ. 1919ರಲ್ಲಿ ಬ್ರಿಟಿಷರು ರೌಲತ್ ಕಾಯ್ದೆ ತಂದಾಗ ಅದರ ವಿರುದ್ಧ ದೇಶವನ್ನು ಬೀದಿಗಿಳಿಸಿದ ಪಕ್ಷವೇ, 1950ರಲ್ಲಿ ಸಂವಿಧಾನ ಜಾರಿಗೆ ಬಂದು ಒಂದು ತಿಂಗಳು ತುಂಬುವಷ್ಟರಲ್ಲಿ ಮುನ್ನೆಚ್ಚರಿಕೆ ಬಂಧನದ ಕಾಯ್ದೆ ಮಾಡಿತು. ಅಪರಾಧ ನಡೆದಿರಬೇಕಿಲ್ಲ. ಮುಂದೆ ನಡೆಯಬಹುದು ಎಂದು ಅಧಿಕಾರಿಗೆ ಅನ್ನಿಸಿದರೆ ಸಾಕು. ಸಂವಿಧಾನದ 22ನೇ ವಿಧಿಯೇ ಇದಕ್ಕೆ ಜಾಗ ಕೊಟ್ಟಿತ್ತು. ಅಂಬೇಡ್ಕರರು ಆ ವಿಧಿಯಲ್ಲಿ ಕೆಲವು ರಕ್ಷಣೆಗಳನ್ನು ಸೇರಿಸಿದರು ನಿಜ. ಆದರೆ ಇಂಥ ಬಂಧನವೇ ಕೂಡದು ಎಂದು ಅವರು ಹೇಳಲಿಲ್ಲ, ಬಾಗಿಲು ತೆರೆದೇ ಉಳಿಯಿತು. ಅವರ ಹೆಸರು ಹೇಳಿಕೊಂಡು ಬದುಕುವ ನಾವು ಇದನ್ನು ಮುಚ್ಚಿಡಬಾರದು. ನಮ್ಮವರ ವಿಷಯ ಬಂದಾಗ ಮುಚ್ಚಿಟ್ಟು ಅವರವರ ವಿಷಯ ಬಂದಾಗ ಬಿಚ್ಚಿಡುವುದೇ ಈ ಲೇಖನ ಟೀಕಿಸುತ್ತಿರುವ ರೋಗ.

1971ರಲ್ಲಿ ಬಂದದ್ದು ಆಂತರಿಕ ಭದ್ರತಾ ಕಾಯ್ದೆ, ಅಂದರೆ ಜನ ಶಾಪ ಹಾಕಿದ ಮೀಸಾ. ತುರ್ತುಪರಿಸ್ಥಿತಿಯ 21 ತಿಂಗಳಲ್ಲಿ ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳ ಕೆಳಗೆ ಬಂಧಿತರಾದವರು 1,10,000ಕ್ಕೂ ಹೆಚ್ಚು ಎಂದು ಷಾ ಆಯೋಗ ಲೆಕ್ಕ ಹಾಕಿತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರೆಲ್ಲ ನಮ್ಮ ಬೆಂಗಳೂರಿನಲ್ಲೇ ಬಂಧಿತರಾಗಿ ಇಲ್ಲಿಯ ಸೆಂಟ್ರಲ್ ಜೈಲು ಕಂಡರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಅದೇ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಉಬ್ಬಸದಿಂದ ನರಳುತ್ತಿದ್ದ ಅವರನ್ನು 1977ರ ಜನವರಿಯಲ್ಲಿ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕಿಲ್ಲ ಎಂದುಬಿಟ್ಟರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಅವರಿಗೆ ತಪ್ಪಿತು.

ಇಷ್ಟೆಲ್ಲ ಅನುಭವಿಸಿದವರು 1977ರಲ್ಲಿ ಅಧಿಕಾರಕ್ಕೆ ಬಂದರು. ಜೈಲಿನಿಂದ ನೇರ ಮಂತ್ರಿಮಂಡಲಕ್ಕೆ. ಬೀಗ ಒಡೆಯುವುದಿದ್ದರೆ ಇವರೇ ಒಡೆಯಬೇಕಿತ್ತು.

ಅವರು ಏನೂ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. 1978ರಲ್ಲಿ ಮೀಸಾ ರದ್ದಾಯಿತು. ಅದೇ ವರ್ಷದ 44ನೇ ತಿದ್ದುಪಡಿ, ತುರ್ತುಪರಿಸ್ಥಿತಿ ಬಂದರೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿ ಇಡಕೂಡದು ಎಂದಿತು. ಇದು ದೊಡ್ಡ ಕೆಲಸ, ಅದಕ್ಕೆ ಕೊಡಬೇಕಾದ ಮರ್ಯಾದೆ ಕೊಡೋಣ. ಆದರೆ ಮೀಸಾ ಇನ್ನೂ ಪುಸ್ತಕದಿಂದ ಅಳಿಯುವ ಮೊದಲೇ, 1977ರ ಡಿಸೆಂಬರಿನಲ್ಲಿ, ಮುನ್ನೆಚ್ಚರಿಕೆ ಬಂಧನವನ್ನು ದಿನನಿತ್ಯದ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯೊಳಗೇ ತೂರಿಸುವ ಮಸೂದೆಯನ್ನು ಇದೇ ಸರ್ಕಾರ ತಂದಿತು. ಒಳಗೂ ಹೊರಗೂ ಗಲಾಟೆಯಾದ ಮೇಲೆ ವಾಪಸು ತೆಗೆದುಕೊಂಡಿತು. 1979ರಲ್ಲಿ ಚರಣ್ ಸಿಂಗ್ ಸರ್ಕಾರ ಕಾಳಸಂತೆ ತಡೆಯುವ ನೆಪದಲ್ಲಿ ಮತ್ತೆ ವಿಚಾರಣೆಯಿಲ್ಲದ ಬಂಧನದ ಸುಗ್ರೀವಾಜ್ಞೆ ಹೊರಡಿಸಿತು.

ಇದಕ್ಕಿಂತ ಹೆಚ್ಚು ಕಣ್ಣು ತೆರೆಸುವ ಸಂಗತಿ ಇನ್ನೊಂದಿದೆ. ನಮ್ಮ ಓದುಗರಲ್ಲಿ, ಅದರಲ್ಲೂ ಶಾಲೆಯಲ್ಲಿ ಸಂವಿಧಾನದ ಪಾಠ ಹೇಳುವ ಮೇಷ್ಟರುಗಳಲ್ಲಿ, ಇದನ್ನು ಮತ್ತೆ ಮತ್ತೆ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ. 44ನೇ ತಿದ್ದುಪಡಿಯ 3ನೇ ಕಲಂ 22ನೇ ವಿಧಿಯನ್ನು ಬದಲಿಸುತ್ತದೆ. ಈಗ ಸಲಹಾ ಮಂಡಳಿಯ ಮುಂದೆ ಹೋಗದೆಯೇ ಮೂರು ತಿಂಗಳು ಒಬ್ಬನನ್ನು ಒಳಗಿಡಬಹುದು. ಆ ಕಲಂ ಪ್ರಕಾರ ಎರಡು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಸಲಹಾ ಮಂಡಳಿಯನ್ನು ಸರ್ಕಾರ ತನಗೆ ಬೇಕಾದಂತೆ ಕಟ್ಟುವ ಹಾಗಿಲ್ಲ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ಕಟ್ಟಬೇಕು. ಸಣ್ಣ ರಕ್ಷಣೆಗಳೇ, ಆದರೂ ಒಳಗೆ ಕೂತವನಿಗೆ ಒಂದು ತಿಂಗಳು ಸಣ್ಣದಲ್ಲ. ಪಾರ್ಲಿಮೆಂಟು ಇದನ್ನು ಪಾಸು ಮಾಡಿದೆ, ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಜಾರಿಗೆ ಬರಲು ಕೇಂದ್ರ ಸರ್ಕಾರ ಒಂದು ದಿನಾಂಕ ಗೊತ್ತುಮಾಡಿ ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಅಷ್ಟೆ.

ಆ ದಿನಾಂಕ ಇವತ್ತಿನವರೆಗೂ ಗೊತ್ತಾಗಿಲ್ಲ. ತಿದ್ದುಪಡಿ ತಂದ ಜನತಾ ಸರ್ಕಾರ ಗೊತ್ತುಮಾಡಲಿಲ್ಲ. ಇಂದಿರಾ, ರಾಜೀವ್, ವಿ.ಪಿ. ಸಿಂಗ್, ನರಸಿಂಹರಾವ್, ನಮ್ಮ ದೇವೇಗೌಡರು, ವಾಜಪೇಯಿ, ಮನಮೋಹನ ಸಿಂಗ್, ಮೋದಿ, ಯಾರ ಸರ್ಕಾರವೂ ಮಾಡಲಿಲ್ಲ. ಬೆಂಗಳೂರು ಜೈಲಿನಲ್ಲಿ ದಿನ ಎಣಿಸಿದ ಮನುಷ್ಯ ಆರು ವರ್ಷ ಪ್ರಧಾನಿಯಾಗಿದ್ದರು, ಅವರ ಜೊತೆಗಾರ ಗೃಹಮಂತ್ರಿಯಾಗಿದ್ದರು. ಆ ಆರು ವರ್ಷದಲ್ಲಿ ಒಂದು ಸಹಿಗೆ ಪುರುಸೊತ್ತಾಗಲಿಲ್ಲ. ಧನಬಾದಿನ ಕಾರ್ಮಿಕ ನಾಯಕ, ಸಂಸತ್ ಸದಸ್ಯ ಎ.ಕೆ. ರಾಯ್ ಅವರನ್ನು ಬಂಧಿಸಿದಾಗ ಈ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸರ್ಕಾರಕ್ಕೆ ಇಂಥ ದಿನವೇ ಜಾರಿ ಮಾಡು ಎಂದು ಆಜ್ಞೆ ಕೊಡಲಾಗದು ಎಂದು 1981ರ ಡಿಸೆಂಬರಿನಲ್ಲಿ ಕೋರ್ಟು ಕೈಚೆಲ್ಲಿತು. ಹೀಗಾಗಿ ‘ಸಂವಿಧಾನ ಹತ್ಯಾ ದಿನ’ಕ್ಕೆ ಸಿಕ್ಕ ಗೆಜೆಟ್ಟಿನ ಜಾಗ ಸಂವಿಧಾನದ ಈ ಕಲಮಿಗೆ ಇನ್ನೂ ಸಿಕ್ಕಿಲ್ಲ!

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಬರೆ ತಿಂದ ಸೊಸೆ ಅತ್ತೆಯಾದ ದಿನ ಅದೇ ಸೌಟನ್ನು ಒಲೆಗಿಡುತ್ತಾಳೆ. ನಮ್ಮ ಪಕ್ಷಗಳ ನಡವಳಿಕೆ ಹೀಗೇ. 1980ರಲ್ಲಿ ಮತ್ತೆ ಗದ್ದುಗೆ ಏರಿದ ಕಾಂಗ್ರೆಸ್ಸು ರಾಷ್ಟ್ರೀಯ ಭದ್ರತಾ ಕಾಯ್ದೆ ತಂದಿತು: ಹನ್ನೆರಡು ತಿಂಗಳವರೆಗೆ ಬಂಧನ, ಸಲಹಾ ಮಂಡಳಿಯ ಮುಂದೆ ವಕೀಲನನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ಇಲ್ಲಿ ಕರ್ನಾಟಕದಲ್ಲಿ, ಸ್ವತಃ ತುರ್ತುಪರಿಸ್ಥಿತಿಯ ಜೈಲು ಕಂಡಿದ್ದ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ 1985ರಲ್ಲಿ ಗೂಂಡಾ ಕಾಯ್ದೆ ತಂದಿತು. ಅದೂ ಹನ್ನೆರಡು ತಿಂಗಳ ಬೀಗವೇ. 2014ರಲ್ಲಿ ಕಾಂಗ್ರೆಸ್ ಸರ್ಕಾರ ಅದನ್ನು ಕಿತ್ತುಹಾಕುವ ಬದಲು ಇನ್ನಷ್ಟು ಬಗೆಯ ಜನರಿಗೆ ವಿಸ್ತರಿಸಿತು. ಗೂಂಡಾನ ಪರ ಮಾತಾಡ್ತೀರಾ ಅಂತ ಕೆಲವರು ಕೇಳಬಹುದು. ಗೂಂಡಾನ ಮೇಲೆ ಕೇಸು ಹಾಕಿ, ಸಾಕ್ಷಿ ತನ್ನಿ, ಶಿಕ್ಷೆ ಕೊಡಿಸಿ. ವಿಚಾರಣೆಯೇ ಬೇಡ ಎನ್ನುವ ಕಾನೂನಿನಲ್ಲಿ ಗೂಂಡಾ ಯಾರು ಎಂದು ನಿರ್ಧಾರ ಮಾಡುವವನು ಪೋಲೀಸನೇ. ಪೋಲೀಸನ ಕಣ್ಣಿಗೆ ಮೊದಲು ಕಾಣುವ ಬೀದಿ ಯಾವುದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1985ರ ಟಾಡಾ ಕಾಯ್ದೆ ಹತ್ತಾರು ಸಾವಿರ ಜನರನ್ನು ಒಳಗೆ ಹಾಕಿ, ತೀರ ಕೆಲವರಿಗೆ ಶಿಕ್ಷೆ ಕೊಡಿಸಿ, 1995ರಲ್ಲಿ ಸತ್ತಿತು. 2002ರಲ್ಲಿ ಎನ್‌ಡಿಎ ಸರ್ಕಾರ ಎರಡೂ ಸದನಗಳ ಜಂಟಿ ಅಧಿವೇಶನ ಕರೆದು ಪೋಟಾ ಪಾಸು ಮಾಡಿಕೊಂಡಿತು. ಟಾಡಾ ತಂದಿದ್ದ ಕಾಂಗ್ರೆಸ್ಸು ಅಂದು ಪೋಟಾದ ವಿರುದ್ಧ ಗುಡುಗಿತು. ಅಂದು ಎನ್‌ಡಿಎ ಜೊತೆಗಿದ್ದ ತಮಿಳುನಾಡಿನ ವೈಕೋ ಅವರ ಪಕ್ಷ ಪೋಟಾವನ್ನು ಬೆಂಬಲಿಸಿತು. ಕೆಲವೇ ತಿಂಗಳಲ್ಲಿ ಜಯಲಲಿತಾ ಸರ್ಕಾರ ವೈಕೋ ಅವರನ್ನೇ ಪೋಟಾದಡಿ ಹಿಡಿದು ಒಳಗೆ ಹಾಕಿತು, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ. 2004ರಲ್ಲಿ ಬಂದ ಯುಪಿಎ ಸರ್ಕಾರ ಪೋಟಾ ರದ್ದು ಮಾಡಿದೆವು ಅಂತ ಡಂಗುರ ಹೊಡೆಯಿತು. ಅದೇ ಸಮಯದಲ್ಲಿ ಪೋಟಾದ ಬಹಳಷ್ಟು ಅಂಶಗಳನ್ನು 1967ರ ಯುಎಪಿಎ ಕಾಯ್ದೆಯೊಳಗೆ ಸದ್ದಿಲ್ಲದೆ ಸೇರಿಸಿತು. 2008ರಲ್ಲಿ, ಮುಂಬಯಿ ದಾಳಿಯಾದ ಮೇಲೆ, ಜಾಮೀನು ಸಿಗುವುದೇ ದುಸ್ತರವಾಗುವಂತೆ ಅದನ್ನು ಬಿಗಿ ಮಾಡಿತು. 2019ರಲ್ಲಿ ಮೋದಿ ಸರ್ಕಾರ, ಸಂಘಟನೆ ಇರಲಿ ಬಿಡಲಿ, ಒಬ್ಬ ವ್ಯಕ್ತಿಯನ್ನೇ ಭಯೋತ್ಪಾದಕ ಎಂದು ಘೋಷಿಸುವ ಅಧಿಕಾರವನ್ನು ಅದಕ್ಕೆ ಕೂಡಿಸಿಕೊಂಡಿತು. ಹೀಗೆ ಒಬ್ಬ ಮಸೆದ ಕತ್ತಿಯನ್ನು ಇನ್ನೊಬ್ಬ ಬೀಸುತ್ತಾನೆ.

ಆ ಕತ್ತಿ ಬಿದ್ದದ್ದು ಯಾರ ಮೇಲೆ? ಭೀಮಾ ಕೋರೆಗಾಂವ್ ನೆನಪಿಗೆ 2018ರ ಜನವರಿ 1ರಂದು ಸೇರಿದ ದಲಿತರ ಮೇಲೆ ದಾಳಿಯಾಯಿತು. ಆಮೇಲೆ ಕಟ್ಟಿದ ಮೊಕದ್ದಮೆಯಲ್ಲಿ ಯುಎಪಿಎ ಅಡಿ ಜೈಲಿಗೆ ಹೋದವರು ಕವಿಗಳು, ವಕೀಲರು, ಪ್ರಾಧ್ಯಾಪಕರು. ಆನಂದ ತೇಲ್ತುಂಬ್ಡೆ ಅವರು 2020ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನವೇ ಶರಣಾಗಬೇಕಾಯಿತು. ಅಂಬೇಡ್ಕರರ ಮೊಮ್ಮಗಳನ್ನು ಮದುವೆಯಾದವರು ಅವರು. ಸ್ಟ್ಯಾನ್ ಸ್ವಾಮಿ ಎಂಬ ಪಾದ್ರಿ ವರ್ಷಗಟ್ಟಲೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ನೀರು ಕುಡಿಯುವ ಕೊಳವೆಗೂ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನು ಸಿಗದೆಯೇ ಸತ್ತರು. ಅವರ ಸಾವಿಗೆ ಕಣ್ಣೀರು ಹಾಕಿದ ಕಾಂಗ್ರೆಸ್ಸಿನ ಮುಖಂಡರು, ಜಾಮೀನು ತಡೆದ ಆ ಕಲಮು 2008ರಲ್ಲಿ ಯಾರ ಕೈಬರಹದಲ್ಲಿ ಬಂತು ಎಂದು ಹೇಳಿದ್ದರೆ ಆ ಕಣ್ಣೀರಿಗೆ ಬೆಲೆ ಬರುತ್ತಿತ್ತು. ಇತ್ತ ಸ್ನೇಹಲತಾ ರೆಡ್ಡಿಯವರ ಹೆಸರನ್ನು ಪ್ರತಿ ಜೂನಿನಲ್ಲಿ ನೆನೆಯುವವರಿಗೆ ಸ್ಟ್ಯಾನ್ ಸ್ವಾಮಿಯ ಉಸಿರು ಕೇಳಿಸಲಿಲ್ಲ.

ಬಲಗಡೆಯವರನ್ನೂ ನಡುಗಡೆಯವರನ್ನೂ ಬೈದು, ಎಡಗಡೆಯ ಗೆಳೆಯರ ಬಗ್ಗೆ ಬಾಯಿ ಮುಚ್ಚಿಕೊಂಡರೆ ಈ ಬರಹಕ್ಕೆ ಅರ್ಥವಿಲ್ಲ. ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರಲ್ಲಿ ನಾಮಶೂದ್ರರನ್ನು, ಅಂದರೆ ನಮ್ಮಂಥವರನ್ನು, ದೂರದ ದಂಡಕಾರಣ್ಯಕ್ಕೆ ಅಟ್ಟಿದಾಗ ವಿರೋಧಪಕ್ಷದಲ್ಲಿದ್ದ ಕಮ್ಯುನಿಸ್ಟರು ಅವರನ್ನು ಬಂಗಾಳದಲ್ಲೇ ನೆಲೆಗೊಳಿಸಿ ಎಂದು ಹೋರಾಡಿದ್ದರು. 1977ರಲ್ಲಿ ಎಡರಂಗ ಗೆದ್ದಿತು. ನಮ್ಮ ಸರ್ಕಾರ ಬಂತು ಅಂತ ನಂಬಿ ಆ ಜನ 1978ರಲ್ಲಿ ಹೊರಟು ಬಂದು ಸುಂದರಬನದ ಮರೀಚ್‌ಝಾಂಪಿ ದ್ವೀಪದಲ್ಲಿ ಗುಡಿಸಲು ಹಾಕಿದರು. ಶಾಲೆ ಕಟ್ಟಿಕೊಂಡರು, ದೋಣಿ ಮಾಡಿಕೊಂಡರು. 1979ರ ಜನವರಿಯಲ್ಲಿ ಅದೇ ಎಡರಂಗದ ಪೋಲೀಸರು ದ್ವೀಪವನ್ನು ಸುತ್ತುಗಟ್ಟಿ ಅನ್ನ ನೀರು ತಡೆದರು, ಗುಂಡು ಹಾರಿಸಿದರು, ಮೇ ತಿಂಗಳಲ್ಲಿ ಗುಡಿಸಲುಗಳನ್ನು ಸುಟ್ಟು ಜನರನ್ನು ತುಂಬಿಕೊಂಡು ಹೋದರು. ಸತ್ತವರು ಬೆರಳೆಣಿಕೆ ಎಂದಿತು ಸರ್ಕಾರ. ಉಳಿದು ಬಂದವರು ನೂರಾರು ಎಂದರು. ತುರ್ತುಪರಿಸ್ಥಿತಿಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ದೇಶದ ಪ್ರಗತಿಪರರಲ್ಲಿ ಎಷ್ಟು ಜನ ಮಾತಾಡಿದರು? ಕೆಂಪು ಬಾವುಟದ ಪೋಲೀಸನ ಗುಂಡು ಎದೆಗೆ ಹೂವಾಗಿ ಬೀಳುತ್ತದೇನು?

ಇನ್ನು ಕೇರಿಯ ಲೆಕ್ಕ. ಇಲ್ಲಿ ತುರ್ತುಪರಿಸ್ಥಿತಿಯ ಕಥೆ ಪೇಟೆಯವರು ಹೇಳುವಷ್ಟು ಸಲೀಸಾಗಿಲ್ಲ. ಜೀತ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಅದೇ ಕತ್ತಲಲ್ಲಿ. ಗೌಡನ ಕೊಟ್ಟಿಗೆಯಿಂದ ಹೊರಬಂದ ಜೀತದಾಳಿಗೆ ಆ ವರ್ಷ ಬರೀ ಕರಾಳ ಅಂತ ಹೇಳಿದರೆ ಆತ ಒಪ್ಪಬೇಕಾಗಿಲ್ಲ. ಹಾಗಂತ ಆ ಒಂದು ಕಾನೂನನ್ನು ಮುಂದೆ ಹಿಡಿದು ಬಲವಂತದ ಸಂತಾನಹರಣ ಚಿಕಿತ್ಸೆಯನ್ನು, ದಿಲ್ಲಿಯ ತುರ್ಕಮಾನ್ ಗೇಟಿನಲ್ಲಿ ಬಡವರ ಮನೆ ಉರುಳಿಸಿ ಗುಂಡಿಟ್ಟದ್ದನ್ನು ಮರೆಮಾಚುವವರೂ ನಮಗೆ ಬೇಡ. ಎರಡೂ ನಡೆದಿವೆ. ಎರಡನ್ನೂ ಒಂದೇ ಉಸಿರಲ್ಲಿ ಹೇಳುವ ಧೈರ್ಯ ಪಕ್ಷದ ವೇದಿಕೆಗೆ ಇಲ್ಲ, ನಮಗಾದರೂ ಇರಬೇಕು.

ಜನತಾ ಗೆಲುವಿನ ಸಂಭ್ರಮ ಮುಗಿಯುವ ಮೊದಲೇ, 1977ರ ಮೇ 27ರಂದು, ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಬೆಂಕಿಗೆ ಹಾಕಿದರು. ಅವರಲ್ಲಿ 8 ಮಂದಿ ದಲಿತರು. ಪ್ರಜಾಪ್ರಭುತ್ವ ಮರಳಿ ತಂದ ಕೇಂದ್ರದ ಗೃಹ ಇಲಾಖೆ ಅದನ್ನು ಎರಡು ಗುಂಪುಗಳ ಹೊಡೆದಾಟ ಎಂದು ತೇಲಿಸಿತು. ಆಗ ಆನೆ ಏರಿ ಕೆಸರು ದಾಟಿ ಬೆಲ್ಚಿಗೆ ಹೋದವರು ಸೋತು ಕೂತಿದ್ದ ಇಂದಿರಾಗಾಂಧಿ. ಅವರು ಹೋದದ್ದು ಓಟಿಗೆ ಅಂತ ಎಲ್ಲರಿಗೂ ಗೊತ್ತು. ಆದರೂ ಬೆಲ್ಚಿಯ ಹೆಸರು ದೇಶಕ್ಕೆಲ್ಲ ಗೊತ್ತಾಗಲು ಆ ಆನೆಯೂ ಒಂದು ಕಾರಣವಾಯಿತು. ಅವರೇ ಪ್ರಧಾನಿಯಾಗಿದ್ದ 1981ರಲ್ಲಿ, ಉತ್ತರಪ್ರದೇಶದಲ್ಲೂ ಅವರದೇ ಪಕ್ಷವಿದ್ದಾಗ, ದಿಹುಲಿಯಲ್ಲಿ 24 ದಲಿತರನ್ನು ಗುಂಡಿಟ್ಟು ಕೊಂದರು. ಆ ಮೊಕದ್ದಮೆಯಲ್ಲಿ ಮೂವರಿಗೆ ಮರಣದಂಡನೆಯ ತೀರ್ಪು ಬಂದದ್ದು 2025ರ ಮಾರ್ಚಿನಲ್ಲಿ! ನಡುವಿನ ನಲವತ್ತಮೂರು ವರ್ಷದಲ್ಲಿ ಲಕ್ನೋದ ಕುರ್ಚಿಯ ಮೇಲೆ ಕಾಂಗ್ರೆಸ್ಸು, ಜನತಾದಳ, ಬಿಜೆಪಿ, ಸಮಾಜವಾದಿ ಪಕ್ಷ ಎಲ್ಲ ಕೂತೆದ್ದವು. ನೀಲಿ ಬಾವುಟದ ಬಿಎಸ್‌ಪಿಯೂ ಕೂತಿತ್ತು.

ನಮ್ಮ ಮನೆಯಲ್ಲೇ ನೋಡೋಣ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ. ಸಾಕ್ಷಿಗಳು ಉಲ್ಟಾ ಹೊಡೆದು 2006ರಲ್ಲಿ ಆರೋಪಿಗಳು ಬಿಡುಗಡೆಯಾದಾಗ ಇದ್ದದ್ದು ಜೆಡಿಎಸ್, ಬಿಜೆಪಿ ಕೂಡಿಕೆ. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿದಾಗ ಮತ್ತೆ ಕಾಂಗ್ರೆಸ್ಸು. ಮೂರೂ ಪಕ್ಷಗಳು ಒಂದಲ್ಲ ಒಂದು ಸಲ ಕಂಬಾಲಪಲ್ಲಿಗಾಗಿ ಬೊಬ್ಬೆ ಹೊಡೆದಿವೆ. ಸುಟ್ಟವರು ಯಾರೆಂದು ಕಾನೂನಿನ ಪುಸ್ತಕದಲ್ಲಿ ಇವತ್ತಿಗೂ ಬರೆದಿಲ್ಲ.

ಇದು ಯಾಕೆ ಹೀಗೆ? ವಿರೋಧಪಕ್ಷಕ್ಕೆ ಬೇಕಿರುವುದು ಅನ್ಯಾಯದ ಅಂತ್ಯವಲ್ಲ, ಅನ್ಯಾಯ ಮಾಡುತ್ತಿರುವವನ ಕುರ್ಚಿ. ಕುರ್ಚಿ ಸಿಕ್ಕಿದ ಕೂಡಲೆ ಅದರ ಕೆಳಗಿರುವ ಬೀಗ ದೊಣ್ಣೆಗಳೂ ತನ್ನವೇ ಆಗುತ್ತವೆ. ನಾಳೆ ತನಗೂ ಬೇಕಾಗಬಹುದಾದ ದೊಣ್ಣೆಯನ್ನು ಇವತ್ತು ಯಾರು ಮುರಿಯುತ್ತಾರೆ? ಆದ್ದರಿಂದ ಅವರು ದೊಣ್ಣೆ ಹಿಡಿದ ಕೈಯನ್ನು ಬೈಯುತ್ತಾರೆ, ದೊಣ್ಣೆಯನ್ನು ಬೈಯುವುದಿಲ್ಲ. ಸ್ವಂತ ಮನೆಯವನನ್ನು ಜೈಲಿಗೆ ಹಾಕಿದಾಗ ಕಾನೂನು ಕರಾಳ, ಎದುರು ಮನೆಯವನನ್ನು ಹಾಕಿದಾಗ ಕಾನೂನು ತನ್ನ ಕೆಲಸ ಮಾಡಲಿ. ಇದು ಒಬ್ಬಿಬ್ಬರ ಕೆಟ್ಟ ಗುಣ ಅಂತ ತಿಳಿದರೆ ತಪ್ಪಾಗುತ್ತದೆ. ಇದು ಪಟ್ಟಭದ್ರರ ನಡುವೆ ಬಾಯಿಬಿಟ್ಟು ಹೇಳದೆ ನಡೆಯುವ ಒಪ್ಪಂದ.

ಈ ಮಾತನ್ನು ಕೇಳಿ ಕೆಲವು ತರುಣರು, ಹಾಗಾದರೆ ಎಲ್ಲಾ ಕಳ್ಳರೇ, ಯಾವ ಚಳುವಳಿಯೂ ಬೇಡ ಅಂತ ಮನೆಗೆ ಹೋಗಬಹುದು. ಇದು ಗೌಡನಿಗೆ ಬಹಳ ಇಷ್ಟವಾಗುವ ತೀರ್ಮಾನ. ಎಲ್ಲರೂ ಒಂದೇ ಎಂದು ನಾವು ಹೇಳುತ್ತಿಲ್ಲ. ಮೀಸಾ ರದ್ದು ಮಾಡಿದ್ದು ಮೀಸಾ ಹೇರಿದ್ದಕ್ಕೆ ಸಮವಲ್ಲ. ಇವತ್ತು ಅಧಿಕಾರ ಯಾರ ಕೈಲಿದೆಯೋ ಅವರೇ ಇವತ್ತಿನ ಮೊದಲ ಉತ್ತರದಾರರು. ಹಾಗೆಯೇ ‘ಆಗ ಎಲ್ಲಿದ್ದಿರಿ?’ ಎಂಬ ಪ್ರಶ್ನೆಯೂ ಈಗೀಗ ಒಂದು ಆಯುಧವಾಗಿದೆ. ಅದನ್ನು ಕೇಳುವವರಿಗೆ ಉತ್ತರ ಬೇಕಾಗಿಲ್ಲ, ಎದುರಿನವನ ಬಾಯಿ ಮುಚ್ಚಿದರೆ ಸಾಕು. ಜೈಲಿನಲ್ಲಿರುವವನ ಹೆಂಡತಿ ಮಕ್ಕಳು ಬೀದಿಗೆ ಬಂದು ಕೂಗುವಾಗ, ನೀವು 1975ರಲ್ಲಿ ಕೂಗಿದ ರಸೀದಿ ತೋರಿಸಿ ಎಂದು ಕೇಳುವುದು ಅನ್ಯಾಯಕ್ಕೆ ಇನ್ನೊಂದು ಅನ್ಯಾಯ ಕೂಡಿಸಿದಂತೆ. ಢೋಂಗಿಯೊಬ್ಬ ದೀಪ ಹಿಡಿದು ಬಂದರೂ ಆ ಬೆಳಕಿನಲ್ಲಿ ಕಾಣುವ ಹೆಣ ನಿಜವಾದದ್ದೇ. ಆನೆ ಏರಿ ಬಂದವರನ್ನು ಬರಬೇಡಿ ಎನ್ನುವುದು ಬೇಡ. ಆನೆ ಇಳಿದು ಕುರ್ಚಿ ಏರಿದ ಮೇಲೆ ಏನು ಮಾಡಿದರು ಎಂದು ಲೆಕ್ಕ ಇಡಬೇಕು.

ಲೆಕ್ಕ ಇಡುವವರು ಸಂಘಟನೆಗಳವರು. ಅವರೇ ಲೆಕ್ಕ ತಪ್ಪಿದರೆ? ಜೆ.ಪಿ.ಯವರ ಮುಂದಾಳತ್ವದಲ್ಲಿ 1976ರಲ್ಲಿ ಹುಟ್ಟಿದ ನಾಗರಿಕ ಹಕ್ಕುಗಳ ಸಂಘಟನೆ, 1977ರಲ್ಲಿ ಗೆಳೆಯರ ಸರ್ಕಾರ ಬಂದ ಕೂಡಲೆ ತೂಕಡಿಸಿತು. 1980ರಲ್ಲಿ ಇಂದಿರಾ ಮರಳಿದಾಗ ಎಚ್ಚರವಾಗಿ ಪಿಯುಸಿಎಲ್ ಎಂದು ಮತ್ತೆ ಕಟ್ಟಿಕೊಂಡಿತು. ಆ ನಿದ್ದೆಯ ವರ್ಷಗಳಲ್ಲೇ ಬೆಲ್ಚಿ ಆಯಿತು, ಮರೀಚ್‌ಝಾಂಪಿ ಆಯಿತು. ಆಮೇಲಿನ ವರ್ಷಗಳಲ್ಲಿ ಅದು ಯಾವ ಸರ್ಕಾರವಿದ್ದರೂ ಕೆಲಸ ಮಾಡಿದೆ, ಅದನ್ನೂ ಹೇಳಬೇಕು. ಆಂಧ್ರದ ಕೆ. ಬಾಲಗೋಪಾಲ್ ಪೋಲೀಸರ ಸುಳ್ಳು ಎನ್‌ಕೌಂಟರುಗಳನ್ನು ಬಯಲಿಗೆಳೆದವರು, ಅದಕ್ಕಾಗಿ ಏಟು ತಿಂದವರು. ನಕ್ಸಲೀಯರು ಬಡ ಹಳ್ಳಿಗರನ್ನು ಕೊಂದಾಗ ಅದನ್ನೂ ಅಷ್ಟೇ ಗಟ್ಟಿಯಾಗಿ ಖಂಡಿಸಿದರು. ಆ ಕಾರಣಕ್ಕೆ ಬಂದ ಭಿನ್ನಾಭಿಪ್ರಾಯದಲ್ಲಿ 1998ರಲ್ಲಿ ತಾವು ಬೆಳೆಸಿದ ಸಂಘಟನೆಯನ್ನೇ ಬಿಟ್ಟು ಮಾನವ ಹಕ್ಕುಗಳ ವೇದಿಕೆ ಕಟ್ಟಿದರು. ಸ್ವಂತ ಗೆಳೆಯರನ್ನು ಕಳೆದುಕೊಳ್ಳುವುದು ಪೋಲೀಸನ ಏಟಿಗಿಂತ ಕಷ್ಟ. ಅದಕ್ಕೂ ಮೊದಲು, 1951ರಲ್ಲಿ, ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟ ಸಂಪುಟದಿಂದ ರಾಜೀನಾಮೆ ಕೊಟ್ಟು ಹೊರಬಂದ ಕಾನೂನು ಮಂತ್ರಿಯೊಬ್ಬರು ನಮಗಿದ್ದಾರೆ. ಅವರ ಫೋಟೋಕ್ಕೆ ಹಾರ ಹಾಕುವ ಶಾಸಕರಲ್ಲಿ ಎಷ್ಟು ಮಂದಿ ತಮ್ಮದೇ ಸರ್ಕಾರದ ವಿರುದ್ಧ ಒಂದು ಸಾಲು ಬರೆದಿದ್ದಾರೆ?

ದಲಿತ, ರೈತ, ವಿದ್ಯಾರ್ಥಿ ಸಂಘಟನೆಗಳಿಗೆ ನಮ್ಮ ಮಾತು ಇಷ್ಟು. ಪಕ್ಷಗಳ ವೇದಿಕೆ ಹತ್ತುವುದೇ ಪಾಪ ಅಂತ ನಾವು ಹೇಳುವುದಿಲ್ಲ, ಹಸಿದವನಿಗೆ ಮಡಿ ನಡೆಯುವುದಿಲ್ಲ. ಆದರೆ ಹತ್ತುವ ಮೊದಲು ಕೇಳಬೇಕು. 44ನೇ ತಿದ್ದುಪಡಿಯ 3ನೇ ಕಲಮಿಗೆ ದಿನಾಂಕ ಯಾವಾಗ ಕೊಡುತ್ತೀರಿ? ಇದಕ್ಕೆ ಬಹುಮತ ಬೇಡ, ದುಡ್ಡು ಬೇಡ, ಒಂದು ಹಾಳೆ ಸಾಕು. ನಿಮ್ಮ ಸರ್ಕಾರ ಇರುವ ರಾಜ್ಯದಲ್ಲಿ ಗೂಂಡಾ ಕಾಯ್ದೆಯಡಿ ಒಳಗಿರುವವರ ಪಟ್ಟಿಯನ್ನು, ಯಾವ ಜಾತಿ, ಯಾವ ಕೇರಿ ಎಂಬುದರ ಸಮೇತ, ಪ್ರಕಟ ಮಾಡುತ್ತೀರಾ? ಜನಸಂಖ್ಯೆಯಲ್ಲಿನ ಪಾಲಿಗಿಂತ ಜೈಲಿನಲ್ಲಿ ದಲಿತರ, ಆದಿವಾಸಿಗಳ, ಮುಸಲ್ಮಾನರ ಪಾಲು ಹೆಚ್ಚು ಎಂದು ಸರ್ಕಾರದ್ದೇ ಅಂಕಿಅಂಶ ವರ್ಷವರ್ಷವೂ ಹೇಳುತ್ತಿದೆಯಲ್ಲ, ಅದಕ್ಕೆ ನಿಮ್ಮ ಉತ್ತರ ಏನು? ನಿಮ್ಮ ಕಾಲದಲ್ಲಿ ಕೇರಿಗೆ ಬೆಂಕಿ ಬಿದ್ದರೆ ಮೊದಲು ಬಂದು ಧರಣಿ ಕೂರುವವರು ನಿಮ್ಮ ಪಕ್ಷದ ದಲಿತ ಘಟಕದವರೇ ಆಗಿರುತ್ತಾರೇನು?

ಉತ್ತರ ಬರೆದುಕೊಡಲಿ, ಸಹಿ ಹಾಕಿಕೊಡಲಿ. ಅದನ್ನು ಊರ ಚಾವಡಿಯ ಗೋಡೆಗೆ ಅಂಟಿಸೋಣ. ಐದು ವರ್ಷ ಕಳೆದು ಅವರು ಮತ್ತೆ ಸಂವಿಧಾನ ಎತ್ತಿಕೊಂಡು ಬರುತ್ತಾರೆ. ಆಗ ಕೇರಿಯ ಮಕ್ಕಳು ಆ ಗೋಡೆಯನ್ನು ಓದಿ ಹೇಳಲಿ.